ಬೀಗದ ಕೈ ಒಬ್ಬನ ಬಳಿಯೇ ಇರಬಾರದು: ಮಕ್ಕಳ ಐಸ್ ಹಾಕಿಯ ಸ್ವಯಂಸೇವಕನೊಬ್ಬನ ಬಹಿರಂಗ ಪತ್ರ

ಗೆ,
ನಮ್ಮ ಐಸ್ ರಿಂಕ್‌ನ ಆಡಳಿತ ಮಂಡಳಿಯ ಸದಸ್ಯರಿಗೆ ಮತ್ತು ಮಕ್ಕಳ ಐಸ್ ಹಾಕಿ ಸಂಘದ ಪದಾಧಿಕಾರಿಗಳಿಗೆ

ಮಾನ್ಯರೇ,

ಕಳೆದ ಹನ್ನೊಂದು ಹಂಗಾಮುಗಳಿಂದ ಪ್ರತಿ ಶನಿವಾರ ಬೆಳಗ್ಗೆ ನಮ್ಮ ರಿಂಕ್‌ನ ಹಿಂಬಾಗಿಲ ಪಕ್ಕದ ಸಲಕರಣೆ ಕೋಣೆಯ ಬೀಗ ತೆಗೆಯುವವನು ನಾನು. ನಾನು ಕೋಚ್ ಅಲ್ಲ. ಸ್ಕೇಟ್ ಮೇಲೆ ಹಿಮ್ಮುಖವಾಗಿ ಹೋಗಲು ಇವತ್ತಿಗೂ ನನಗೆ ಧೈರ್ಯ ಸಾಲದು. ಹೊಸದಾಗಿ ಸೇರಿದ ಮಕ್ಕಳಿಗೆ ಅಳತೆಗೆ ತಕ್ಕ ಸ್ಕೇಟ್, ಹೆಲ್ಮೆಟ್, ಮೊಣಕಾಲಿನ ಕವಚ ಹುಡುಕಿ ಕೊಡುವುದು, ಲೇಸ್ ಕಟ್ಟುವುದು, ಹಾಜರಿ ಬರೆಯುವುದು, ಪಂದ್ಯವಿದ್ದ ದಿನ ಗಡಿಯಾರದ ಗುಂಡಿಯ ಮುಂದೆ ಕೂರುವುದು, ಆಟ ಮುಗಿದ ಮೇಲೆ ಒದ್ದೆಯಾದದ್ದನ್ನೆಲ್ಲ ಒಣಹಾಕುವುದು, ಇಷ್ಟೇ ನನ್ನ ಕೆಲಸ. ಇದಕ್ಕೆ ಸಂಬಳವಿಲ್ಲ, ನಾನು ಕೇಳಿದ್ದೂ ಇಲ್ಲ.

ಈ ಹಂಗಾಮಿನ ಆರಂಭದಲ್ಲಿ ಒಂದು ಶಸ್ತ್ರಚಿಕಿತ್ಸೆಯಿಂದಾಗಿ ಮೂರು ವಾರ ನನಗೆ ಬರಲಾಗಲಿಲ್ಲ. ಆ ಮೂರು ಶನಿವಾರಗಳಲ್ಲಿ ಎರಡು ದಿನ ಹೊಸಬರ ತರಗತಿ ನಡೆಯಲೇ ಇಲ್ಲ. ಐಸ್ ಸಿದ್ಧವಿತ್ತು, ಕೋಚ್ ಬಂದಿದ್ದರು, ಮಕ್ಕಳೂ ಬಂದಿದ್ದರು. ಸಲಕರಣೆ ಕೋಣೆಯ ಬೀಗದ ಕೈ ಮಾತ್ರ ನನ್ನ ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮೂರನೆಯ ವಾರ ಬೀಗ ಒಡೆಸಿ ಒಳಹೊಕ್ಕರೂ, ಯಾವ ಮಗುವಿಗೆ ಯಾವ ಸ್ಕೇಟ್ ಎಂಬ ಲೆಕ್ಕ ನನ್ನ ತಲೆಯಲ್ಲಿ ಮತ್ತು ನನಗಷ್ಟೇ ಅರ್ಥವಾಗುವ ಒಂದು ನೋಟ್‌ಪುಸ್ತಕದಲ್ಲಿ ಇದ್ದುದರಿಂದ, ತರಗತಿಯ ಬಹುಪಾಲು ಹೊತ್ತು ಸ್ಕೇಟ್ ಹುಡುಕುವುದರಲ್ಲೇ ಕಳೆಯಿತಂತೆ. ನಾನು ಮರಳಿ ಬಂದ ದಿನ ಸಂಘದ ಹಿರಿಯರೊಬ್ಬರು ಕೈಹಿಡಿದು, "ನೀವಿಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ ನೋಡಿ" ಎಂದರು. ಅಂದು ಆ ಮಾತಿನಿಂದ ಖುಷಿಯಾದದ್ದು ನಿಜ. ಮರುವಾರ ಹಾಜರಿ ಪುಸ್ತಕ ತಿರುವಿದಾಗ, ಆ ಎರಡು ಶನಿವಾರ ಬಾಗಿಲಿನಿಂದಲೇ ವಾಪಸಾದ ಮಕ್ಕಳಲ್ಲಿ ನಾಲ್ವರು ಮತ್ತೆ ಬಂದೇ ಇಲ್ಲವೆಂಬುದು ಕಂಡಿತು. ಹಿರಿಯರ ಮಾತನ್ನು ಹೊಗಳಿಕೆಯೆಂದು ತೆಗೆದುಕೊಂಡಿದ್ದೆ. ಅದು ನನ್ನ ಮೇಲೂ ತಮ್ಮ ಮೇಲೂ ಇರುವ ದೂರು ಎಂದು ಆಗ ಹೊಳೆಯಿತು. ಆ ದೂರನ್ನು ಬಿಡಿಸಿ ಹೇಳುವುದಕ್ಕಾಗಿ ಈ ಪತ್ರ.

ತಮ್ಮ ವಾರ್ಷಿಕ ವರದಿಯಲ್ಲಿ ಐಸ್ ಎಷ್ಟು ಗಂಟೆ ಬಳಕೆಯಾಯಿತು, ಎಷ್ಟು ಮಕ್ಕಳು ನೋಂದಾಯಿಸಿದರು, ಎಷ್ಟು ತಂಡಗಳು ಎಷ್ಟು ಪಂದ್ಯ ಆಡಿದವು ಎಂಬುದೆಲ್ಲ ಇರುತ್ತದೆ. ಮಗು ಐಸ್‌ಗೆ ಇಳಿಯುವುದಕ್ಕೆ ಮುಂಚಿನ ಇಪ್ಪತ್ತು ನಿಮಿಷದ ಪ್ರಸ್ತಾಪ ಅದರಲ್ಲಿ ಎಲ್ಲಿಯೂ ಇಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಏನಾಗುತ್ತದೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ತಮ್ಮಲ್ಲಿ ಬಹಳ ಮಂದಿ ಬರುವುದು ಆಟ ಶುರುವಾದ ಮೇಲೆ.

ಆರು ವರ್ಷದ ಮಗುವೊಂದು ಬೆಂಚಿನ ಮೇಲೆ ಕಾಲು ಚಾಚಿ ಕೂತಿದೆ ಎಂದಿಟ್ಟುಕೊಳ್ಳಿ. ಹಾಕಿ ಸ್ಕೇಟ್ ಸಾಮಾನ್ಯವಾಗಿ ಶೂ ಅಳತೆಗಿಂತ ಒಂದು ಅಥವಾ ಒಂದೂವರೆ ಸಂಖ್ಯೆ ಚಿಕ್ಕದಿರಬೇಕು. ಆದರೆ ಮಗು ಬೆಳೆಯುತ್ತದೆ, ಮುಂದಿನ ವರ್ಷಕ್ಕೂ ಆಗಲಿ ಎಂದು ಮನೆಯವರು ದೊಡ್ಡದನ್ನೇ ತಂದಿರುತ್ತಾರೆ. ದೊಡ್ಡ ಸ್ಕೇಟ್‌ನೊಳಗೆ ಹಿಮ್ಮಡಿ ಮೇಲೆದ್ದು, ಕಣಕಾಲು ಒಳಕ್ಕೆ ಮಡಚಿ, ಮಗು ಬ್ಲೇಡ್‌ನ ಮೇಲೆ ನಿಲ್ಲುವ ಬದಲು ಬೂಟಿನ ಪಕ್ಕದ ಮೇಲೆ ನಿಲ್ಲುತ್ತದೆ. ಹಾಗಾಗಿ ಮೊದಲು ಬೇರೆ ಜೋಡಿ ಹುಡುಕಬೇಕು. ಸಿಕ್ಕ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿಸಿ ಹಿಂದಕ್ಕೆ ಕೂರಿಸಿ, ನಾಲಗೆಪಟ್ಟಿಯನ್ನು ನೆಟ್ಟಗೆ ಮಾಡಿ, ಬೆರಳುಗಳ ಮೇಲೆ ಲೇಸನ್ನು ಸಡಿಲವಾಗಿ, ಪಾದದ ಏರಿನಲ್ಲಿ ಬಿಗಿಯಾಗಿ, ಮೇಲಿನ ಕೊನೆಯ ತೂತುಗಳಲ್ಲಿ ಮತ್ತೆ ತುಸು ಸಡಿಲವಾಗಿ ಎಳೆಯಬೇಕು. ಎಲ್ಲ ಕಡೆಯೂ ಒಂದೇ ಬಿಗಿ ಎಳೆದರೆ ಹತ್ತು ನಿಮಿಷಕ್ಕೆ ಪಾದ ಜೋಮುಹಿಡಿದು ಮಗು ಅಳುತ್ತದೆ, ಆ ಅಳುವನ್ನು ದೊಡ್ಡವರು ಚಳಿಯ ಅಳುವೆಂದೋ ಹಠದ ಅಳುವೆಂದೋ ತಿಳಿಯುತ್ತಾರೆ. "ಈ ಆಟ ಇವಳಿಗೆ ಹಿಡಿಸಲಿಲ್ಲ" ಎಂದು ಮನೆಗೆ ಕರೆದೊಯ್ದ ಎಷ್ಟೋ ಮಕ್ಕಳ ವಿಷಯದಲ್ಲಿ ಹಿಡಿಸದೇ ಇದ್ದದ್ದು ಲೇಸ್ ಮಾತ್ರ ಎಂಬ ಅನುಮಾನ ನನಗಿದೆ.

ಹೆಲ್ಮೆಟ್‌ನದೂ ಇದೇ ಕತೆ. ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು, ಮುಖದ ಜಾಲರಿಯ ಕೆಳಗಿನ ಬಟ್ಟಲು ಗದ್ದಕ್ಕೆ ಸರಿಯಾಗಿ ಕೂತಿರಬೇಕು. ಕುತ್ತಿಗೆಯ ಪಟ್ಟಿಯನ್ನಂತೂ ಪ್ರತಿಯೊಬ್ಬರಲ್ಲೂ ಬೆರಳು ಹಾಕಿ ನೋಡಲೇಬೇಕು. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆದ ಪಂದ್ಯವೊಂದರಲ್ಲಿ ಸ್ಕೇಟ್‌ನ ಬ್ಲೇಡ್ ಕುತ್ತಿಗೆಗೆ ತಗುಲಿ ಆಡಂ ಜಾನ್ಸನ್ ಎಂಬ ವೃತ್ತಿಪರ ಆಟಗಾರ ಮೃತಪಟ್ಟ ಮೇಲೆ ಹಲವು ದೇಶಗಳು ನಿಯಮ ಬಿಗಿಗೊಳಿಸಿದವು. ಅಮೆರಿಕದ ಹಾಕಿ ಸಂಸ್ಥೆಯಾದ ಯುಎಸ್‌ಎ ಹಾಕಿ 2024ರ ಆಗಸ್ಟ್ 1ರಿಂದ ಮಕ್ಕಳ ಮಟ್ಟದ ಪಂದ್ಯ ಮತ್ತು ಅಭ್ಯಾಸ ಎರಡರಲ್ಲೂ ಕುತ್ತಿಗೆ ರಕ್ಷಣೆಯನ್ನು ಕಡ್ಡಾಯ ಮಾಡಿತು. ನಿಯಮ ಬರೆಯುವುದು ಸಂಸ್ಥೆ, ಒಪ್ಪಿದೆ. ಅದು ಪಾಲನೆಯಾಗುವುದು ಬೆಂಚಿನ ಮುಂದೆ ಮಂಡಿಯೂರಿ ಕೂತ ಒಬ್ಬರ ಬೆರಳ ತುದಿಯಲ್ಲಿ. ನಲವತ್ತು ಮಕ್ಕಳಿಗೆ ಅಂಥವರು ಒಬ್ಬರೇ ಇದ್ದಾಗ ಕೊನೆಯ ಹತ್ತು ಮಕ್ಕಳ ಕುತ್ತಿಗೆಯನ್ನು ಯಾರೂ ಮುಟ್ಟಿ ನೋಡಿರುವುದಿಲ್ಲ. ನಾನೂ ನೋಡದೆ ಬಿಟ್ಟ ದಿನಗಳಿವೆ. ಅದನ್ನು ಬರೆಯಲು ಹಿಂಜರಿಯುತ್ತಲೇ ಬರೆಯುತ್ತಿದ್ದೇನೆ.

ಇನ್ನು ಐಸ್‌ನ ಮೇಲಿನ ವಿಷಯ. ಪೂರ್ಣ ರಿಂಕ್ ಎಂದರೆ ಸುಮಾರು 60 ಮೀಟರ್ ಉದ್ದ, 26ರಿಂದ 30 ಮೀಟರ್ ಅಗಲ. ಇದು ವಯಸ್ಕರ ಕಾಲಿಗೆ ಹೊಂದಿಸಿದ ಅಳತೆ. ಚಿಕ್ಕ ಮಕ್ಕಳನ್ನು ಇಡೀ ರಿಂಕ್‌ನಲ್ಲಿ ಆಡಿಸಿದರೆ ಬಲವಾಗಿ ಸ್ಕೇಟ್ ಮಾಡುವ ಒಂದಿಬ್ಬರ ಬಳಿ ಪಕ್ (ಸ್ಟಿಕ್ಕಿನಿಂದ ಹೊಡೆದು ಆಡುವ ರಬ್ಬರ್ ಬಿಲ್ಲೆ) ಇರುತ್ತದೆ, ಉಳಿದವರು ಅದರ ಹಿಂದೆ ತೇಲಾಡುತ್ತಾ ಕಾಲ ಕಳೆಯುತ್ತಾರೆ. ಯುಎಸ್‌ಎ ಹಾಕಿ 2009ರಲ್ಲಿ ತಂದ ತರಬೇತಿ ಮಾದರಿಯು ಎಂಟು ವರ್ಷದೊಳಗಿನವರಿಗೆ ರಿಂಕ್ ಅನ್ನು ಅಡ್ಡಡ್ಡಲಾಗಿ ಪಾಲು ಮಾಡಿ ಆಡಿಸುವ ಪದ್ಧತಿಯನ್ನು ಮುಂದಿಟ್ಟಿತು. ಕೆನಡಾದ ಹಾಕಿ ಸಂಸ್ಥೆಯೂ 2017ರ ಹಂಗಾಮಿನಿಂದ ಅತಿ ಕಿರಿಯರಿಗೆ ಇದನ್ನೇ ಕಡ್ಡಾಯ ಮಾಡಿತು. ಕಿರಿಯರಿಗೆ ಆರು ಔನ್ಸಿನ ಕಪ್ಪು ಪಕ್‌ನ ಬದಲು ನಾಲ್ಕು ಔನ್ಸಿನ ನೀಲಿ ಪಕ್ ಕೊಡುವುದೂ ಇದೇ ತರ್ಕದಿಂದ. ನಮ್ಮ ಸಂಘ ಈ ಪದ್ಧತಿ ತಂದಾಗ ನಾನು ಮನಸಾರೆ ಒಪ್ಪಿದೆ, ಈಗಲೂ ಒಪ್ಪುತ್ತೇನೆ. ಮಕ್ಕಳಿಗೆ ಪಕ್ ಸಿಗುತ್ತದೆ, ಒಂದೇ ಐಸ್‌ನಲ್ಲಿ ನಾಲ್ಕಾರು ಗುಂಪು ಹಿಡಿಸುತ್ತದೆ, ತಮ್ಮ ಲೆಕ್ಕಪತ್ರಕ್ಕೂ ಅನುಕೂಲ.

ಆದರೆ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಒಂದು ರಿಂಕ್ ಮೂರಾದರೆ ಮೂರು ಪಟ್ಟು ದೊಡ್ಡವರು ಬೇಕು. ರಿಂಕ್‌ನ ನಡುವೆ ಇಡುವ ಫೋಮ್ ಗೋಡೆಗಳನ್ನು ಯಾರಾದರೂ ಎಳೆದು ತರಬೇಕು, ಚಿಕ್ಕ ಗೋಲುಗಳನ್ನು ಇಡಬೇಕು, ಬಿದ್ದವರನ್ನು ಎಬ್ಬಿಸಬೇಕು. ಎಬ್ಬಿಸುವುದು ಎಂದರೆ ಕಂಕುಳಿಗೆ ಕೈಹಾಕಿ ಎತ್ತುವುದಲ್ಲ. ಮೊದಲು ಮಂಡಿಗೆ ಬರಲು, ಆಮೇಲೆ ಒಂದು ಪಾದ ಊರಲು, ತೊಡೆಯ ಮೇಲೆ ಕೈಯಿಟ್ಟು ಒತ್ತಿ ಏಳಲು ಹೇಳಿಕೊಟ್ಟು, ಕಾಯುತ್ತಾ ನಿಲ್ಲುವುದು. ಆ ಕಾಯುವಿಕೆಗೆ ಬಹಳ ಸಮಯ ಬೇಕು. ಒಂದು ಗಂಟೆಯ ಅವಧಿಯಲ್ಲಿ ಐಸ್ ನಯಮಾಡುವ ಯಂತ್ರಕ್ಕೇ ಹತ್ತು ನಿಮಿಷ ಹೋಗುತ್ತದೆ. 1949ರಲ್ಲಿ ಕ್ಯಾಲಿಫೋರ್ನಿಯಾದ ಫ್ರಾಂಕ್ ಝಾಂಬೋನಿ ಈ ಯಂತ್ರವನ್ನು ಮಾಡುವ ಮೊದಲು ಅದೇ ಕೆಲಸಕ್ಕೆ ಹಲವಾರು ಆಳುಗಳು ಒಂದು ಗಂಟೆಗೂ ಹೆಚ್ಚು ದುಡಿಯಬೇಕಿತ್ತು ಎಂಬುದು ಸಮಾಧಾನ ಪಡಲು ಒಳ್ಳೆಯ ಸಂಗತಿ. ಆದರೂ ನಮ್ಮ ವೇಳಾಪಟ್ಟಿಯಲ್ಲಿ ಯಂತ್ರಕ್ಕೆ ಸ್ಥಾನವಿದೆ, ಗೋಡೆ ಎಳೆಯುವವರಿಗೆ ಇಲ್ಲ. ಯಂತ್ರ ಹೊರಬಂದ ತಕ್ಷಣ ಗಡಿಯಾರ ಓಡತೊಡಗುತ್ತದೆ, ಗೋಡೆ ನಿಲ್ಲುವ ಹೊತ್ತಿಗೆ ಇನ್ನೂ ಏಳೆಂಟು ನಿಮಿಷ ಕರಗಿರುತ್ತದೆ.

ಸ್ವಯಂಸೇವಕರಿಂದಲೇ ಈ ಆಟ ಬೆಳೆದ ಉದಾಹರಣೆಗಳನ್ನು ತಾವು ಸಮಾರಂಭಗಳಲ್ಲಿ ಹೇಳುತ್ತೀರಿ. ವಾಷಿಂಗ್ಟನ್ ನಗರದಲ್ಲಿ ನೀಲ್ ಹೆಂಡರ್ಸನ್ 1970ರ ದಶಕದ ಕೊನೆಯಲ್ಲಿ ಕಟ್ಟಿದ ಫೋರ್ಟ್ ಡ್ಯೂಪಾಂಟ್ ಕ್ಲಬ್ಬಿನ ಹೆಸರು ತಮ್ಮ ಭಾಷಣಗಳಲ್ಲಿ ಬರುತ್ತಿರುತ್ತದೆ. ಈ ಆಟದ ಹತ್ತಿರಕ್ಕೂ ಸುಳಿಯಲು ಅವಕಾಶವಿರದಿದ್ದ ಕಪ್ಪುವರ್ಣೀಯ ಮಕ್ಕಳಿಗೆ ದಶಕಗಳ ಕಾಲ ಸ್ಕೇಟ್ ಕಲಿಸಿದ ಅವರನ್ನು 2019ರಲ್ಲಿ ಅಮೆರಿಕದ ಹಾಕಿ ಸಾಧಕರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಆ ಗೌರವ ಪಡೆದ ಮೊದಲ ಕಪ್ಪುವರ್ಣೀಯರು ಅವರೇ. ಲಡಾಖ್‌ನ ಕತೆಯೂ ಹೀಗೆಯೇ. ಅಲ್ಲಿ ದಶಕಗಳ ಕಾಲ ಯಂತ್ರದ ಐಸ್ ಇರಲಿಲ್ಲ. ಚಳಿಗಾಲದ ಎರಡು ಮೂರು ತಿಂಗಳು ಕೆರೆ ಹೆಪ್ಪುಗಟ್ಟಿದಾಗ, ರಾತ್ರಿ ಹೊತ್ತು ನೀರು ಹಾಯಿಸಿ ಬೆಳಗಿನೊಳಗೆ ನೆಲ ನಯವಾಗುವಂತೆ ಮಾಡಿಕೊಂಡದ್ದು ಊರಿನವರೇ. ಹೀಗೆ ಆಡಿ ಬೆಳೆದ ಹುಡುಗಿಯರೇ ಹೆಚ್ಚಾಗಿರುವ ಭಾರತದ ಮಹಿಳಾ ತಂಡ 2016ರಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿ, 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಮಟ್ಟದ ಟೂರ್ನಿಯಲ್ಲಿ ಕಂಚು ಗೆದ್ದಿತು.

ಈ ಕತೆಗಳಿಂದ ನನಗೂ ರೋಮಾಂಚನವಾಗುತ್ತದೆ. ಆದರೆ ಅವುಗಳಿಂದ ತಾವು ತೆಗೆಯುವ ಅರ್ಥದ ಬಗ್ಗೆ ನನ್ನ ತಕರಾರಿದೆ. ತಮ್ಮ ಭಾಷಣದಲ್ಲಿ ಅದು ಒಬ್ಬ ಮಹಾತ್ಯಾಗಿಯ ಕತೆಯಾಗುತ್ತದೆ, ಅಂಥವರು ನಮಗೂ ಸಿಕ್ಕಿದ್ದಾರೆ ಎಂದು ನನ್ನಂಥವನ ಕಡೆಗೆ ಕೈ ತೋರಿಸಲಾಗುತ್ತದೆ, ಚಪ್ಪಾಳೆಯಾಗುತ್ತದೆ. ಒಬ್ಬರೇ ಆರಂಭಿಸಿದ್ದು ನಾಲ್ಕು ದಶಕ ಹೇಗೆ ನಡೆಯಿತು, ರಾತ್ರಿ ನೀರು ಹಾಯಿಸುವ ಸರದಿ ಯಾರು ಯಾರಿಗೆ ಬಂತು ಎಂದು ಕೇಳಿದರೆ ನಮಗೆ ಉಪಯೋಗವಾಗುವ ಪಾಠ ಸಿಗುತ್ತದೆ. ಕೆರೆಗೆ ನೀರು ಹಾಯಿಸುವ ಕೆಲಸವನ್ನು ಒಬ್ಬನೇ ಹೊತ್ತಿದ್ದರೆ ಅವನಿಗೆ ಜ್ವರ ಬಂದ ವಾರ ಇಡೀ ಊರು ಆಟ ನಿಲ್ಲಿಸಬೇಕಿತ್ತು. ನಮ್ಮಲ್ಲಿ ಆದದ್ದು ಅದೇ ತಾನೆ?

ಇದರಲ್ಲಿ ನನ್ನ ಪಾಲು ದೊಡ್ಡದು. ಎರಡು ಮೂರು ಸಲ ಪೋಷಕರು ನೆರವಿಗೆ ಬಂದಾಗ, "ಪರವಾಗಿಲ್ಲ, ನಾನು ನೋಡಿಕೊಳ್ಳುತ್ತೇನೆ" ಎಂದು ಕಳಿಸಿದ್ದೇನೆ. ಅವರು ಕಟ್ಟಿದ ಲೇಸನ್ನು ಅವರ ಎದುರೇ ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಅವರು ಮತ್ತೆ ಕೇಳಲಿಲ್ಲ, ಕೇಳಬೇಕಾದ ಕಾರಣವೂ ಇರಲಿಲ್ಲ. ಕೆಲಸ ಕಲಿಸುವುದಕ್ಕಿಂತ ತಾನೇ ಮಾಡಿ ಮುಗಿಸುವುದು ಸುಲಭ. ಹತ್ತು ವರ್ಷ ಸುಲಭವಾದದ್ದನ್ನೇ ಮಾಡಿದೆ. ಬೇಕಾದವನಾಗಿರುವುದರಲ್ಲಿ ಒಂದು ಸುಖವಿದೆ, ಅದು ಸಂಬಳಕ್ಕಿಂತ ಬೇಗ ತಲೆಗೇರುತ್ತದೆ. ತಮ್ಮ ಪಾಲು, ಇದನ್ನು ಕಂಡೂ ಸುಮ್ಮನಿದ್ದದ್ದು. ಒಬ್ಬ ಬಿಟ್ಟಿ ದುಡಿಯುತ್ತಿರುವಾಗ ಅವನ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡುವ ತೊಂದರೆಯನ್ನು ಯಾವ ಸಂಘವೂ ಮೈಮೇಲೆ ಎಳೆದುಕೊಳ್ಳುವುದಿಲ್ಲ.

ಒಬ್ಬನನ್ನೇ ನೆಚ್ಚುವುದರಲ್ಲಿ ಇದಕ್ಕಿಂತ ಗಂಭೀರವಾದ ಇನ್ನೊಂದು ಅಪಾಯವಿದೆ. 1997ರ ಜನವರಿಯಲ್ಲಿ ಕೆನಡಾದ ಹೆಸರಾಂತ ಕಿರಿಯರ ಕೋಚ್ ಒಬ್ಬ ತನ್ನ ಕೈಕೆಳಗಿನ ಆಟಗಾರರ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡು ಜೈಲಿಗೆ ಹೋದ. ಅದನ್ನು ಹೊರಗೆಡಹಿದ್ದು ಅವನಡಿ ಆಡಿ ಮುಂದೆ ಉತ್ತರ ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ ತಲುಪಿದ ಶೆಲ್ಡನ್ ಕೆನಡಿ. ಎಲ್ಲರೂ ನಂಬಿದ, ಯಾರೂ ಪ್ರಶ್ನಿಸದ, ಮಕ್ಕಳ ಜತೆ ಒಬ್ಬನೇ ಇರಲು ಅವಕಾಶವಿದ್ದ ಮನುಷ್ಯ ಎಂಬುದೇ ಅಲ್ಲಿ ದಾರಿಯಾಯಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಮಕ್ಕಳೊಂದಿಗೆ ಕೆಲಸ ಮಾಡುವ ಪ್ರತಿಯೊಬ್ಬರ ಹಿನ್ನೆಲೆಯನ್ನು ಪರಿಶೀಲಿಸಬೇಕು ಎಂಬ ನಿಯಮಗಳ ಹಿಂದೆ ಇಂಥ ನೋವಿದೆ. ನನ್ನ ಹಿನ್ನೆಲೆ ಪರಿಶೀಲನೆಯ ಅರ್ಜಿ ಬಂದಾಗ, "ಇಷ್ಟು ವರ್ಷದ ಮೇಲೆ ನನ್ನನ್ನೂ ಅನುಮಾನಿಸುತ್ತೀರಾ" ಎಂದು ನಾನು ಮುನಿಸಿಕೊಂಡೆ, ಆಗಿನ ಕಾರ್ಯದರ್ಶಿಯವರು ನಗುತ್ತಾ ಅರ್ಜಿಯನ್ನು ಪಕ್ಕಕ್ಕಿಟ್ಟರು. ನಾವಿಬ್ಬರೂ ತಪ್ಪು ಮಾಡಿದೆವು. ನನ್ನ ಮುಖ ನೋಡಿ ಬಿಟ್ಟ ನಿಯಮವನ್ನು ನಾಳೆ ಇನ್ನೊಬ್ಬರ ಮುಖ ನೋಡಿ ಬಿಡುತ್ತೀರಿ. ಕಳೆದ ತಿಂಗಳು ಆ ಅರ್ಜಿ ತುಂಬಿ ಕೊಟ್ಟಿದ್ದೇನೆ. ಇನ್ನೂ ಕೊಡದವರು ಯಾರಿದ್ದರೂ, ಅವರು ಎಷ್ಟೇ ಹಳಬರಾಗಿರಲಿ, ಕೊಡುವವರೆಗೆ ಮಕ್ಕಳ ಕೋಣೆಗೆ ಬಿಡಬೇಡಿ.

ಈಗ ತಮ್ಮಲ್ಲಿ ಕೇಳುವುದು. ಸಲಕರಣೆ ಕೋಣೆ, ಹಾಜರಿ, ಬಾಗಿಲು ಕಾಯುವುದು, ಸಮಯ ನೋಡುವುದು, ಈ ಪ್ರತಿ ಕೆಲಸಕ್ಕೂ ಇಬ್ಬಿಬ್ಬರ ಹೆಸರು ಹಂಗಾಮು ಶುರುವಾಗುವ ಮೊದಲೇ ಬರಹದಲ್ಲಿ ಇರಲಿ. ಅವರಲ್ಲಿ ಒಬ್ಬರಾದರೂ ಆ ಕೆಲಸಕ್ಕೆ ಹೊಸಬರಾಗಿರಲಿ. ಮಕ್ಕಳು ಬೆಳೆದು ಬೇರೆ ತಂಡಕ್ಕೋ ಬೇರೆ ಆಟಕ್ಕೋ ಹೋದಾಗ ಪೋಷಕರೂ ಹೋಗುತ್ತಾರೆ, ಅದು ಸಹಜ. ಮೂರು ವರ್ಷಕ್ಕೆ ಹೋಗುವವರೆಂದು ತಿಳಿದೇ ಅವರನ್ನು ಕರೆಯಬೇಕು, ಮೊದಲ ವರ್ಷ ಕಲಿತು ಕೊನೆಯ ವರ್ಷ ಕಲಿಸಿ ಹೋಗುವಂತೆ ಮಾಡಬೇಕು. ಹಿನ್ನೆಲೆ ಪರಿಶೀಲನೆಗೂ ಪ್ರಥಮ ಚಿಕಿತ್ಸೆಯ ತರಬೇತಿಗೂ ಆಗುವ ಖರ್ಚನ್ನು ಸಂಘವೇ ಕೊಡಲಿ. ಪುಕ್ಕಟೆ ದುಡಿಯಲು ಬಂದವರಿಂದಲೇ ಶುಲ್ಕ ವಸೂಲಿ ಮಾಡುವುದು ಚೆನ್ನಾಗಿ ಕಾಣುವುದಿಲ್ಲ, ಬರಬೇಕೆಂದಿದ್ದವರೂ ಅಲ್ಲೇ ನಿಂತುಬಿಡುತ್ತಾರೆ. ರಿಂಕ್‌ನವರು ಹೊಸಬರ ತರಗತಿಯ ದಿನ ಕೋಣೆಗಳನ್ನು ಅರ್ಧ ಗಂಟೆ ಮೊದಲೇ ತೆರೆಯಲಿ, ಗೋಡೆ ನಿಲ್ಲಿಸುವ ಹತ್ತು ನಿಮಿಷವನ್ನು ಬಾಡಿಗೆಯ ಗಂಟೆಯಿಂದ ಹೊರಗಿಡಲಿ.

ಹದಿಹರೆಯದವರನ್ನು ಮರೆಯಬೇಡಿ. ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರು ಕಿರಿಯರ ಗುಂಪಿಗೆ ನೆರವಾದಾಗ ಮಕ್ಕಳು ನಮ್ಮ ಮಾತಿಗಿಂತ ಅವರ ಮಾತನ್ನೇ ಕೇಳುತ್ತಾರೆ. ಅವರಲ್ಲೇ ಕೆಲವರು ಮುಂದೆ ರೆಫರಿಯಾಗಲು ಸೀಟಿ ಹಿಡಿಯುತ್ತಾರೆ, ಗ್ಯಾಲರಿಯಲ್ಲಿ ಕೂತ ದೊಡ್ಡವರ ಬೈಗುಳ ತಿಂದು ಒಂದೆರಡು ವರ್ಷದಲ್ಲಿ ಸೀಟಿ ಕೆಳಗಿಡುತ್ತಾರೆ. ಹದಿನೈದು ವರ್ಷದ ರೆಫರಿಯ ಮೇಲೆ ಕೂಗಿದ ಪೋಷಕರನ್ನು ಅದೇ ಪಂದ್ಯದಲ್ಲಿ ಹೊರಗೆ ಕಳಿಸುವ ಅಧಿಕಾರ ಯಾರಿಗಿದೆ ಎಂದು ಗೋಡೆಯ ಮೇಲೆ ಬರೆದು ಹಾಕಿ. ಅದನ್ನು ಒಮ್ಮೆಯಾದರೂ ಚಲಾಯಿಸಿ ತೋರಿಸಿ.

ಇನ್ನೊಂದು ಮಾತು ಸ್ವಲ್ಪ ಹೊರಗಿನದಾದರೂ ಹೇಳಿಬಿಡುತ್ತೇನೆ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1980ರ ದಶಕದಲ್ಲೇ ತೋರಿಸಿದಂತೆ, ಹಾಕಿಯ ಮೇಲಿನ ಹಂತಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರು ಲೆಕ್ಕಕ್ಕಿಂತ ಹೆಚ್ಚು ಸಿಗುತ್ತಾರೆ. ವಯೋಮಿತಿಯ ಲೆಕ್ಕ ಜನವರಿ 1ರಿಂದ ಶುರುವಾಗುವುದರಿಂದ ಆ ಮಕ್ಕಳು ತಮ್ಮ ಗುಂಪಿನಲ್ಲಿ ಹಿರಿಯರು, ದೊಡ್ಡ ಮೈಯವರು; ಅದನ್ನೇ ಪ್ರತಿಭೆಯೆಂದು ತಿಳಿದು ಆರಿಸುತ್ತೇವೆ. ನನ್ನ ನೋಟ್‌ಪುಸ್ತಕದಲ್ಲಿ ಆಟ ಬಿಟ್ಟುಹೋದ ಮಕ್ಕಳ ಹುಟ್ಟಿದ ತಿಂಗಳನ್ನು ಒಂದು ಸಂಜೆ ಕೂತು ನೋಡಿದೆ. ಚಿಕ್ಕ ಪಟ್ಟಿ, ಅದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ನವೆಂಬರ್, ಡಿಸೆಂಬರ್‌ಗಳು ಕಣ್ಣಿಗೆ ಹೊಡೆದವು. ಎಂಟು ವರ್ಷದೊಳಗಿನವರಲ್ಲಿ ಆಯ್ಕೆಯ ತಂಡ ಮಾಡಬೇಕೆಂಬ ಪ್ರಸ್ತಾಪ ತಮ್ಮ ಮುಂದಿದೆಯೆಂದು ಕೇಳಿದ್ದೇನೆ. ದಯವಿಟ್ಟು ಅದನ್ನು ಕೈಬಿಡಿ. ಕಷ್ಟಪಟ್ಟು ಲೇಸ್ ಕಟ್ಟಿ ಐಸ್‌ಗೆ ಇಳಿಸಿದ ಡಿಸೆಂಬರ್‌ನ ಮಗುವನ್ನು ಪಟ್ಟಿಯಲ್ಲಿ ಹೆಸರಿಲ್ಲವೆಂದು ಮನೆಗೆ ಕಳಿಸುವ ಕೆಲಸ ಮತ್ತೆ ನಮ್ಮ ಬಾಗಿಲಿಗೇ ಬರುತ್ತದೆ.

ಹಂಗಾಮಿನ ಕೊನೆಯ ಸಮಾರಂಭದಲ್ಲಿ ನನಗೆ ಫಲಕ ಕೊಡುವ ಯೋಚನೆಯಿದೆಯೆಂದು ತಿಳಿಯಿತು. ಬೇಡ. ಆ ಹಣದಲ್ಲಿ ಒದ್ದೆ ಕೈಗವಸು ಒಣಗಿಸಲು ಇನ್ನೊಂದು ಸ್ಟ್ಯಾಂಡ್ ಮಾಡಿಸಿ. ಈಗಿರುವುದರ ಒಂದು ಕಾಲು ಮುರಿದಿದೆ, ಅದನ್ನು ಹಳೆಯ ಸ್ಟಿಕ್ಕಿನ ತುಂಡಿನಿಂದ ಆನಿಸಿ ನಿಲ್ಲಿಸಿದ್ದೇನೆ.

ಸಲಕರಣೆ ಕೋಣೆಗೆ ಹೊಸ ಬೀಗ ಹಾಕಿಸಿ, ಅದರ ಕೈಯನ್ನು ಮೂರು ಪ್ರತಿ ಮಾಡಿಸಿದ್ದೇನೆ. ಒಂದನ್ನು ರಿಂಕ್‌ನ ಕಚೇರಿಗೆ, ಒಂದನ್ನು ಸಂಘದ ಕಾರ್ಯದರ್ಶಿಗಳಿಗೆ ಈ ಪತ್ರದ ಜತೆಗೇ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ. ಮೂರನೆಯದನ್ನು, ನಾನು ಒಮ್ಮೆ ಲೇಸ್ ಬಿಚ್ಚಿ ಮತ್ತೆ ಕಟ್ಟಿದ್ದೆನಲ್ಲ, ಆ ತಾಯಿಗೆ ಕಳೆದ ಶನಿವಾರ ಕೊಟ್ಟೆ. ನೋಟ್‌ಪುಸ್ತಕವನ್ನು ಎಲ್ಲರಿಗೂ ಅರ್ಥವಾಗುವಂತೆ ಮತ್ತೆ ಬರೆಯುತ್ತಿದ್ದೇವೆ. 31ನೆಯ ನಂಬರಿನ ಸ್ಕೇಟ್ ಜೋಡಿಯ ಬಲಗಾಲಿನದು ಸ್ವಲ್ಪ ಬಿಗಿ ಎಂಬಲ್ಲಿಗೆ ಬಂದಿದ್ದೇವೆ.

ಇತಿ,
ತಮ್ಮ ವಿಶ್ವಾಸಿ,
ಸಲಕರಣೆ ಕೋಣೆಯ ಸ್ವಯಂಸೇವಕ